ಕಾನ್‌ಸ್ಟಾಂಟಿನೋಪಲ್ ಬೀಳುವ ಮೊದಲೇ ಹೊರಟಿದ್ದ ಹಡಗುಗಳು

ಯುರೋಪಿನವರು ಸಮುದ್ರ ದಾಟಿ ಹೊಸ ನಾಡುಗಳನ್ನು ಹುಡುಕಲು ಹೊರಟಿದ್ದೇಕೆ ಎಂದು ನಮ್ಮಲ್ಲಿ ಹೈಸ್ಕೂಲು ಮುಗಿಸಿದ ಯಾರನ್ನು ಕೇಳಿದರೂ ಬಹುಮಟ್ಟಿಗೆ ಒಂದೇ ಉತ್ತರ ಸಿಗುತ್ತದೆ. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದರು, ಸಂಬಾರ ಪದಾರ್ಥಗಳು ಪಶ್ಚಿಮಕ್ಕೆ ಸಾಗುತ್ತಿದ್ದ ದಾರಿ ಮುಚ್ಚಿಹೋಯಿತು, ಹಾಗಾಗಿ ಭಾರತಕ್ಕೆ ಬೇರೊಂದು ದಾರಿ ಹುಡುಕಬೇಕಾಯಿತು ಎಂಬುದು ಆ ಉತ್ತರ. ಬಾಯಿಪಾಠಕ್ಕೆ ಅನುಕೂಲವಾದ ಈ ಉತ್ತರ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದ ಕೂಡಲೇ ಸಡಿಲಗೊಳ್ಳುತ್ತದೆ. ಪೋರ್ಚುಗೀಸರು ಆಫ್ರಿಕಾದ ನೆಲದ ಮೇಲೆ ಮೊದಲ ಹೆಜ್ಜೆ ಇಟ್ಟದ್ದು 1415ರಲ್ಲಿ. ಅವರ ಹಡಗು ಆಫ್ರಿಕಾದ ಪಶ್ಚಿಮ ತೀರದ ಬೊಜಡೋರ್ ಭೂಶಿರವನ್ನು ದಾಟಿದ್ದು 1434ರಲ್ಲಿ. ಕಾನ್‌ಸ್ಟಾಂಟಿನೋಪಲ್ ಬೀಳುವ ಹೊತ್ತಿಗೆ ಅವರು ಸೆನೆಗಲ್ ನದಿಯ ಅಳಿವೆಯನ್ನೂ ವರ್ದೆ ಭೂಶಿರವನ್ನೂ ಹಿಂದೆ ಹಾಕಿ ಮುಂದೆ ಹೋಗಿಯಾಗಿತ್ತು.

ದಾರಿಯ ವಿಷಯದಲ್ಲೂ ಇದೇ ತೊಡಕು. ಮಲಬಾರ್ ಮತ್ತು ಕನ್ನಡ ಕರಾವಳಿಯ ಕಾಳುಮೆಣಸು ಮಾರುತಗಳ ನೆರವಿನಿಂದ ಅರಬ್ಬೀ ಸಮುದ್ರ ದಾಟಿ, ಏಡನ್ ಮತ್ತು ಕೆಂಪು ಸಮುದ್ರದ ಮೂಲಕ ಕೈರೋ ತಲುಪಿ, ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ವೆನಿಸ್ಸಿನ ವರ್ತಕರ ಕೈಗೆ ಸೇರುತ್ತಿತ್ತು. ಈ ಮುಖ್ಯ ದಾರಿಯಲ್ಲಿ ಕಾನ್‌ಸ್ಟಾಂಟಿನೋಪಲ್ ಸಿಗುವುದೇ ಇಲ್ಲ. ಈಜಿಪ್ಟ್ ಆಗ ಮಮ್ಲೂಕ್ ಸುಲ್ತಾನರ ವಶದಲ್ಲಿತ್ತು. ಆಟೋಮನರು ಅದನ್ನು ಗೆದ್ದದ್ದು 1517ರಲ್ಲಿ, ಅಂದರೆ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದು 19 ವರ್ಷ ಕಳೆದ ಮೇಲೆ. ವೆನಿಸ್ ಗಣರಾಜ್ಯವಂತೂ 1454ರಲ್ಲೇ ಆಟೋಮನ್ ಸುಲ್ತಾನನೊಂದಿಗೆ ಒಪ್ಪಂದ ಮಾಡಿಕೊಂಡು ವ್ಯಾಪಾರ ಮುಂದುವರಿಸಿತು. ತುರ್ಕರ ಗೆಲುವಿಗೆ ಏನೂ ಪರಿಣಾಮವಿರಲಿಲ್ಲವೆಂದು ಇದರ ಅರ್ಥವಲ್ಲ. ಕಪ್ಪು ಸಮುದ್ರದ ವ್ಯಾಪಾರ ಕಳೆದುಕೊಂಡ ಜಿನೋವಾ ನಗರದ ಹಣವಂತರು ತಮ್ಮ ಬಂಡವಾಳವನ್ನು ಪಶ್ಚಿಮದ ಕಡೆಗೆ, ಲಿಸ್ಬನ್ ಮತ್ತು ಸೆವಿಲ್ ಪಟ್ಟಣಗಳಿಗೆ, ಹೆಚ್ಚುಹೆಚ್ಚಾಗಿ ತಿರುಗಿಸಿದರು. ಆದರೆ ಆ ಘಟನೆ ಶುರುವಾಗಿದ್ದ ಕೆಲಸಕ್ಕೆ ವೇಗ ಕೊಟ್ಟಿತೇ ಹೊರತು ಕೆಲಸವನ್ನು ಶುರುಮಾಡಲಿಲ್ಲ.

ಹಾಗಾದರೆ ಶುರುವಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಭಾರತವನ್ನು ಸ್ವಲ್ಪ ಹೊತ್ತು ಮರೆತು ಪೋರ್ಚುಗಲ್ಲಿನ ಹಿತ್ತಿಲನ್ನು ನೋಡಬೇಕು. ಸುಮಾರು 10 ಲಕ್ಷ ಜನರಿದ್ದ ಆ ಸಣ್ಣ ರಾಜ್ಯಕ್ಕೆ ಒಂದು ಕಡೆ ತನಗಿಂತ ಬಲಿಷ್ಠವಾದ ಕಸ್ತೀಲ್ ರಾಜ್ಯ, ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರ. 1385ರಲ್ಲಿ ಅಲ್ಜುಬರೋಟಾ ಕದನದಲ್ಲಿ ಕಸ್ತೀಲ್ ಸೈನ್ಯವನ್ನು ಸೋಲಿಸಿ ಸಿಂಹಾಸನವನ್ನು ಭದ್ರಪಡಿಸಿಕೊಂಡ ಒಂದನೆಯ ಜೋವಾಂವ್ 1411ರಲ್ಲಿ ನೆರೆಯವರೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡ. ಯುದ್ಧ ನಿಂತಿತು, ಆದರೆ ಯುದ್ಧದಿಂದಲೇ ಭೂಮಿ, ಬಿರುದು, ಕೊಳ್ಳೆ ಗಳಿಸುತ್ತಿದ್ದ ಶ್ರೀಮಂತ ಮನೆತನಗಳ ಕಿರಿಯ ಮಕ್ಕಳಿಗೆ ಮಾಡಲು ಕೆಲಸವಿಲ್ಲದಾಯಿತು. ದೇಶದೊಳಗೆ ಹಂಚಲು ಹೊಸ ಭೂಮಿ ಉಳಿದಿರಲಿಲ್ಲ. ಲಿಸ್ಬನ್ ನಗರಕ್ಕೆ ಬೇಕಾದಷ್ಟು ಗೋಧಿ ಬೆಳೆಯುತ್ತಿರಲಿಲ್ಲ. ನಾಣ್ಯ ಟಂಕಿಸಲು ಚಿನ್ನ ಸಿಗುತ್ತಿರಲಿಲ್ಲ. ಜಿಬ್ರಾಲ್ಟರ್ ಜಲಸಂಧಿಯ ಆಚೆ ದಡದಲ್ಲಿದ್ದ ಸೆಯೂಟಾ ಎಂಬ ಮೊರಾಕೊ ಬಂದರು ಈ ಎಲ್ಲ ಕೊರತೆಗಳಿಗೂ ಒಂದೇ ಮದ್ದಿನಂತೆ ಕಂಡಿತು. 1415ರ ಆಗಸ್ಟ್ 21ರಂದು ದೊಡ್ಡ ನೌಕಾಪಡೆಯೊಂದಿಗೆ ಹೋದ ರಾಜನೂ ಅವನ ಮಕ್ಕಳೂ ಒಂದೇ ದಿನದಲ್ಲಿ ಅದನ್ನು ಹಿಡಿದರು.

ಗೆದ್ದ ಮೇಲೆ ಕೈಗೆ ಬಂದದ್ದು ಬರಿದಾದ ಊರು. ಸಹಾರಾ ಮರುಭೂಮಿಯನ್ನು ದಾಟಿ ಬರುತ್ತಿದ್ದ ಒಂಟೆಗಳ ಸಾಲು ಸೆಯೂಟಾವನ್ನು ಬಿಟ್ಟು ಬೇರೆ ಪಟ್ಟಣಗಳ ಹಾದಿ ಹಿಡಿಯಿತು. ಅಲ್ಲಿನ ಕಾವಲು ಪಡೆಗೆ ಊಟವನ್ನೂ ಪೋರ್ಚುಗಲ್ಲಿನಿಂದಲೇ ಹಡಗಿನಲ್ಲಿ ಕಳಿಸಬೇಕಾಯಿತು. ಆದರೆ ಆ ಒಂಟೆಗಳು ಹೊತ್ತು ತರುತ್ತಿದ್ದ ಚಿನ್ನ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಉಳಿದುಕೊಂಡಿತು. ಮಾಲಿ ಸಾಮ್ರಾಜ್ಯದ ದೊರೆ ಮನ್ಸಾ ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆಗೆಂದು ಕೈರೋ ನಗರವನ್ನು ಹಾದುಹೋದಾಗ ಹಂಚಿದ ಚಿನ್ನದ ಸುದ್ದಿ ಯುರೋಪಿಗೆ ತಲುಪಿತ್ತು. 1375ರ ಸುಮಾರಿಗೆ ಮಯೋರ್ಕಾ ದ್ವೀಪದ ಯಹೂದಿ ನಕ್ಷೆಗಾರರು ಬಿಡಿಸಿದ ಪ್ರಸಿದ್ಧ ಭೂಪಟದಲ್ಲಿ ಸಹಾರಾದ ದಕ್ಷಿಣಕ್ಕೆ ಅವನು ಕಿರೀಟ ಧರಿಸಿ, ಕೈಯಲ್ಲಿ ಚಿನ್ನದ ಉಂಡೆ ಹಿಡಿದು ಕೂತಿದ್ದಾನೆ. ಮರುಭೂಮಿಯನ್ನು ದಾಟಿ ಅವನ ನಾಡಿಗೆ ಹೋಗಲು ಸಾಧ್ಯವಿಲ್ಲದಿದ್ದರೆ ಕಡಲ ಬದಿಯಿಂದ ಸುತ್ತು ಹಾಕಿ ಹೋಗಬಹುದಲ್ಲವೇ? ಆರಂಭದ ಯಾನಗಳ ಹಿಂದಿದ್ದ ಲೆಕ್ಕ ಇಷ್ಟು ಹತ್ತಿರದ್ದು.

ಆ ಸುತ್ತಿಗೆ ಅಡ್ಡ ನಿಂತದ್ದು ಬೊಜಡೋರ್ ಭೂಶಿರ. ಅಲ್ಲಿಂದಾಚೆ ಹೋದವರು ಮರಳುವುದಿಲ್ಲವೆಂಬ ನಾವಿಕರ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ನನ್ನ ಮಟ್ಟಿಗೆ ಅದು ಅನ್ಯಾಯ. ದಡದಿಂದ ಬಹಳ ದೂರದವರೆಗೆ ಹರಡಿದ ಆಳವಿಲ್ಲದ ನೀರು, ಮಂಜು, ಮರುಭೂಮಿಯಿಂದ ಬೀಸುವ ಧೂಳು, ಎಲ್ಲಕ್ಕಿಂತ ಹೆಚ್ಚಾಗಿ ಉತ್ತರದಿಂದ ದಕ್ಷಿಣಕ್ಕೆ ಎಡೆಬಿಡದೆ ಸಾಗುವ ಗಾಳಿ ಮತ್ತು ಪ್ರವಾಹ ಆ ತೀರದ ಸ್ವಭಾವ. ಹೋಗುವುದು ಕಷ್ಟವಾಗಿರಲಿಲ್ಲ, ಅದೇ ಗಾಳಿಗೆ ಎದುರಾಗಿ ಹಿಂದಿರುಗುವುದು ಕಷ್ಟವಾಗಿತ್ತು. ಒಂದನೆಯ ಜೋವಾಂವ್‌ನ ಮಗ ರಾಜಕುಮಾರ ಹೆನ್ರಿ ಕಳಿಸಿದ ಜಿಲ್ ಎಯಾನೆಸ್ ಎಂಬ ನಾವಿಕ ಒಮ್ಮೆ ವಿಫಲನಾಗಿ, 1434ರಲ್ಲಿ ಮತ್ತೆ ಹೋಗಿ ಭೂಶಿರವನ್ನು ದಾಟಿದ. ಅಲ್ಲಿ ಮನುಷ್ಯರ ಸುಳಿವು ಕಾಣಲಿಲ್ಲ. ದಡಕ್ಕೆ ಇಳಿದು ಬಂದದ್ದಕ್ಕೆ ಗುರುತಾಗಿ ಅವನು ಮಣ್ಣು ತುಂಬಿದ ಪುಟ್ಟ ಪೀಪಾಯಿಯಲ್ಲಿ ಕೆಲವು ಗಿಡಗಳನ್ನು ತಂದು ಹೆನ್ರಿಗೆ ಒಪ್ಪಿಸಿದನೆಂದು ಆಸ್ಥಾನದ ಇತಿಹಾಸಕಾರ ಜುರಾರಾ ಬರೆದಿದ್ದಾನೆ. ಪೋರ್ಚುಗಲ್ಲಿನಲ್ಲಿ ಆ ಗಿಡವನ್ನು ಸಂತ ಮೇರಿಯ ಗುಲಾಬಿ ಎಂದು ಕರೆಯುತ್ತಿದ್ದರು. ಜಗತ್ತಿನ ಅಂಚು ಎಂದು ಹೆದರಿದ್ದ ಜಾಗದಲ್ಲಿ ತಮ್ಮೂರಿನ ಗಿಡವೇ ಬೆಳೆಯುತ್ತಿತ್ತು.

ಹಿಂದಿರುಗುವ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರ ಇಡೀ ಕಥೆಯ ಕೀಲಿಕೈ ಎನ್ನಬಹುದು. ಅರಬ್ಬೀ ಸಮುದ್ರದ ಗಾಳಿ ಕಾಲಕ್ಕೆ ತಕ್ಕಂತೆ ದಿಕ್ಕು ಬದಲಿಸುತ್ತದೆ. ಮುಂಗಾರಿನಲ್ಲಿ ನೈಋತ್ಯದಿಂದ ಬೀಸಿದ ಗಾಳಿ ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವುದು ನಮ್ಮ ಕರಾವಳಿಯ ಮಕ್ಕಳಿಗೂ ಗೊತ್ತು. ಇಲ್ಲಿನ ನಾವಿಕರು ಕಾದು ಕೂತರೆ ಸಾಕು, ಮನೆಗೆ ಹೋಗುವ ಗಾಳಿ ತಾನಾಗಿ ಬರುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ ಹಾಗಿಲ್ಲ. ಅಲ್ಲಿ ಗಾಳಿ ಬದಲಾಗುವುದು ಕಾಲಕ್ಕೆ ತಕ್ಕಂತೆ ಅಲ್ಲ, ಸ್ಥಳಕ್ಕೆ ತಕ್ಕಂತೆ. ಆಫ್ರಿಕಾದ ತೀರದಲ್ಲಿ ಈಶಾನ್ಯದಿಂದ ಬೀಸುವ ಗಾಳಿ, ಅಜೋರ್ಸ್ ದ್ವೀಪಗಳ ಆಸುಪಾಸಿಗೆ ಹೋದರೆ ಪಶ್ಚಿಮದಿಂದ ಬೀಸುತ್ತದೆ. ಆದ್ದರಿಂದ ಮನೆಗೆ ಮರಳಬೇಕಾದ ಹಡಗು ಮನೆಯ ದಿಕ್ಕಿಗೆ ಬೆನ್ನು ತಿರುಗಿಸಿ, ತೀರವನ್ನು ಬಿಟ್ಟು, ವಾಯವ್ಯಕ್ಕೆ ತೆರೆದ ಸಾಗರದೊಳಗೆ ನುಗ್ಗಿ, ಅಲ್ಲಿ ಪಶ್ಚಿಮದ ಗಾಳಿ ಹಿಡಿದು ಲಿಸ್ಬನ್ನಿಗೆ ಬರಬೇಕು. ನೆಲ ಕಾಣದ ನೀರಿನಲ್ಲಿ ವಾರಗಟ್ಟಲೆ ಇರಲು ಒಪ್ಪಿದವರಿಗೆ ಮಾತ್ರ ದೊರೆಯುವ ಜ್ಞಾನ ಇದು. ಒಮ್ಮೆ ಇದು ಕೈವಶವಾದ ಮೇಲೆ ಅಮೆರಿಕಕ್ಕೂ ಭಾರತಕ್ಕೂ ಹೋಗುವ ದಾರಿ ಇದೇ ಜ್ಞಾನದ ವಿಸ್ತರಣೆಯಾಯಿತು.

ಹಡಗು ಮತ್ತು ಉಪಕರಣಗಳ ಬಗ್ಗೆ ಬಹಳ ಬರೆದಾಗಿದೆ, ಹೆಚ್ಚು ಹೇಳಬೇಕಿಲ್ಲ. ದಿಕ್ಸೂಚಿಯನ್ನು ಚೀನೀಯರು ಬಹಳ ಮೊದಲೇ ಬಲ್ಲವರಾಗಿದ್ದರು. ಪಕ್ಕದಿಂದ ಬೀಸುವ ಗಾಳಿಯನ್ನೂ ಬಳಸಿಕೊಳ್ಳಬಲ್ಲ, ಓರೆಯಾಗಿ ಕಟ್ಟುವ ತ್ರಿಕೋನದ ಹಾಯಿ ಮೆಡಿಟರೇನಿಯನ್ ನಾವಿಕರ ಬಳಕೆಯಲ್ಲಿತ್ತು. ಇವುಗಳನ್ನು ಒಗ್ಗೂಡಿಸಿದ ಕಾರವೆಲ್ ಎಂಬ ಹಗುರವಾದ ಹಡಗು ನದಿಯ ಅಳಿವೆಗೂ ನುಗ್ಗುತ್ತಿತ್ತು, ತೆರೆದ ಕಡಲನ್ನೂ ತಾಳಿಕೊಳ್ಳುತ್ತಿತ್ತು. ನಿಜವಾದ ಹೊಸ ಕೆಲಸ ನಡೆದದ್ದು ಆಕಾಶವನ್ನು ಓದುವುದರಲ್ಲಿ. ಭೂಮಧ್ಯರೇಖೆಯನ್ನು ದಾಟುತ್ತಿದ್ದಂತೆ ಧ್ರುವನಕ್ಷತ್ರ ಕಣ್ಮರೆಯಾಗುತ್ತದೆ, ಆಗ ಮಧ್ಯಾಹ್ನದ ಸೂರ್ಯನ ಎತ್ತರವನ್ನು ಅಳೆದೇ ತಾನಿರುವ ಅಕ್ಷಾಂಶವನ್ನು ತಿಳಿಯಬೇಕು. ಅದಕ್ಕೆ ಸೂರ್ಯನ ದಿನದಿನದ ಸ್ಥಾನದ ಕೋಷ್ಟಕ ಬೇಕು. ಆ ಕೋಷ್ಟಕಗಳನ್ನು ಸಿದ್ಧಪಡಿಸಿದವನು ಯಹೂದಿ ವಿದ್ವಾಂಸ ಅಬ್ರಹಾಂ ಜಕೂಟೊ. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರಹಾಕಿದಾಗ ಪೋರ್ಚುಗಲ್ಲಿಗೆ ಬಂದ ಆತ, ಅಲ್ಲಿಯೂ 1496ರ ಕೊನೆಯಲ್ಲಿ ಅದೇ ಆಜ್ಞೆ ಹೊರಟಾಗ ಆ ನಾಡನ್ನೂ ಬಿಟ್ಟು ಹೋಗಬೇಕಾಯಿತು. ಅವನ ಕೋಷ್ಟಕಗಳ ನೆರವಿನಿಂದಲೇ ಮರುವರ್ಷ ಗಾಮಾ ಭಾರತದತ್ತ ಹೊರಟ.

ಯಾನಗಳಿಗೆ ಹಣ ಬಂದದ್ದು ಎಲ್ಲಿಂದ? ಈ ಪ್ರಶ್ನೆಯನ್ನು ಕೇಳದಿದ್ದರೆ ಉಳಿದದ್ದೆಲ್ಲ ಸಾಹಸದ ಕಥೆಯಾಗಿಬಿಡುತ್ತದೆ. 1420ರ ಸುಮಾರಿಗೆ ನೆಲೆ ಸ್ಥಾಪಿಸಿದ ಮದೀರಾ ದ್ವೀಪದಲ್ಲಿ ಕೆಲವೇ ದಶಕಗಳಲ್ಲಿ ಕಬ್ಬು ಬೆಳೆದು ಸಕ್ಕರೆ ಮಾರಿದರು. ಹೆನ್ರಿ ತಾನು ಮುಖ್ಯಸ್ಥನಾಗಿದ್ದ ಕ್ರಿಸ್ತ ಪಂಥದ ಸೈನಿಕ ಸಂಘದ ಆದಾಯವನ್ನೂ ಬಳಸಿದ. ಆದರೆ ದೊಡ್ಡ ತಿರುವು 1441ರ ನಂತರದ್ದು. ಆ ವರ್ಷ ಸಹಾರಾ ತೀರದಿಂದ ಕೆಲವರನ್ನು ಹಿಡಿದು ತಂದರು. 1444ರ ಆಗಸ್ಟ್ ತಿಂಗಳಲ್ಲಿ ದಕ್ಷಿಣ ಪೋರ್ಚುಗಲ್ಲಿನ ಲಾಗೋಸ್ ಬಂದರಿನ ಹೊರಗಿನ ಬಯಲಿನಲ್ಲಿ 235 ಮಂದಿ ಬಂದಿಗಳನ್ನು ಇಳಿಸಿ ಪಾಲು ಮಾಡಲಾಯಿತು. ತಂದೆಯಿಂದ ಮಕ್ಕಳನ್ನು, ಗಂಡನಿಂದ ಹೆಂಡತಿಯನ್ನು ಬೇರೆ ಬೇರೆ ಗುಂಪಿಗೆ ತಳ್ಳಿದಾಗ ಎದ್ದ ಆಕ್ರಂದನವನ್ನೂ, ತಾಯಂದಿರು ಮಕ್ಕಳನ್ನು ಅಪ್ಪಿ ನೆಲಕ್ಕೆ ಬಿದ್ದು ಏಟು ತಿಂದದ್ದನ್ನೂ ರಾಜಕುಮಾರನನ್ನು ಹೊಗಳಲೆಂದೇ ಬರೆಯುತ್ತಿದ್ದ ಜುರಾರಾ ಸ್ವತಃ ದಾಖಲಿಸಿದ್ದಾನೆ. ಕುದುರೆಯ ಮೇಲೆ ಕುಳಿತು ನೋಡುತ್ತಿದ್ದ ಹೆನ್ರಿಗೆ ಐದನೆಯ ಒಂದು ಪಾಲಾಗಿ 46 ಮಂದಿ ಸಿಕ್ಕರು. ಅಲ್ಲಿಯವರೆಗೆ ಈ ಯಾನಗಳನ್ನು ದಂಡದ ಖರ್ಚೆಂದು ಹಳಿಯುತ್ತಿದ್ದವರು ಈಗ ತಾವೂ ಹಡಗು ಕಳಿಸಲು ಅನುಮತಿ ಕೇಳತೊಡಗಿದರು. ಯುರೋಪಿನ ಸಾಗರಯಾನ ಯಾವಾಗ ಲಾಭದಾಯಕವಾಯಿತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಬಯಲನ್ನು.

ಚಿನ್ನವೂ ಕ್ರಮೇಣ ಸಿಕ್ಕಿತು. 1457ರಲ್ಲಿ ಪೋರ್ಚುಗಲ್ ಆಫ್ರಿಕಾದ ಚಿನ್ನದಿಂದ ಕ್ರುಜಾದೋ ಎಂಬ ನಾಣ್ಯವನ್ನು ಟಂಕಿಸಿತು. 1469ರಲ್ಲಿ ರಾಜನು ಫೆರ್ನಾಂವ್ ಗೋಮೆಸ್ ಎಂಬ ಲಿಸ್ಬನ್ ವರ್ತಕನಿಗೆ ಗಿನಿ ತೀರದ ವ್ಯಾಪಾರವನ್ನು ಐದು ವರ್ಷ ಗುತ್ತಿಗೆಗೆ ಕೊಟ್ಟ. ವರ್ಷಕ್ಕೆ 2 ಲಕ್ಷ ರೇಯಿಸ್ ಹಣ ಕಟ್ಟಬೇಕು, ಜೊತೆಗೆ ಪ್ರತಿ ವರ್ಷ 100 ಲೀಗ್‌ನಷ್ಟು ಹೊಸ ಕರಾವಳಿಯನ್ನು ಶೋಧಿಸಬೇಕು ಎಂಬುದು ಷರತ್ತು. ಅನ್ವೇಷಣೆಯನ್ನು ಗುತ್ತಿಗೆಯ ಕಲಮಾಗಿ ಬರೆದ ಈ ಕಾಗದವನ್ನು ನಾನು ಆ ಯುಗದ ಅತ್ಯಂತ ಪ್ರಾಮಾಣಿಕ ದಾಖಲೆಗಳಲ್ಲಿ ಒಂದೆಂದು ಎಣಿಸುತ್ತೇನೆ. 1482ರಲ್ಲಿ ಇಂದಿನ ಘಾನಾದ ತೀರದಲ್ಲಿ, ಪೋರ್ಚುಗಲ್ಲಿನಿಂದ ಕೆತ್ತಿ ತಂದ ಕಲ್ಲುಗಳಿಂದ ಎಲ್ಮಿನಾ ಕೋಟೆ ಎದ್ದಿತು.

ಮತಧರ್ಮದ ಪಾತ್ರ ಎಷ್ಟು ಎಂಬುದು ಹಳೆಯ ಚರ್ಚೆ. ಹೆನ್ರಿಯ ಉದ್ದೇಶಗಳನ್ನು ಪಟ್ಟಿಮಾಡುವ ಜುರಾರಾ, ಆಚೆ ಏನಿದೆಯೆಂಬ ಕುತೂಹಲ, ವ್ಯಾಪಾರ, ಮುಸ್ಲಿಂ ರಾಜ್ಯಗಳ ಬಲವನ್ನು ತಿಳಿಯುವ ಆಸೆ, ನೆರವಾಗಬಲ್ಲ ಕ್ರೈಸ್ತ ದೊರೆಯ ಹುಡುಕಾಟ, ಮತಪ್ರಸಾರ ಇವೆಲ್ಲವನ್ನೂ ಹೇಳಿ, ಇವೆಲ್ಲಕ್ಕೂ ಮೂಲ ಅವನ ಜಾತಕದ ಗ್ರಹಬಲ ಎಂದು ಸೇರಿಸುತ್ತಾನೆ. ಲಾಭಕ್ಕೆ ಧರ್ಮದ ಮುಸುಕು ಹಾಕಿದರು ಎಂದು ಸರಳವಾಗಿ ಹೇಳಿದರೆ ಆ ಕಾಲದ ಮನಸ್ಸು ನಮಗೆ ಅರ್ಥವಾಗುವುದಿಲ್ಲ. ಮುಸ್ಲಿಂ ದೊರೆಗಳ ವಿರುದ್ಧ ಶತಮಾನಗಳ ಕಾಲ ಹೋರಾಡಿಯೇ ರೂಪುಗೊಂಡ ರಾಜ್ಯಗಳವು. ಅಲ್ಲಿ ಕೊಳ್ಳೆ ಮತ್ತು ಪುಣ್ಯ ಒಂದೇ ಯುದ್ಧದ ಎರಡು ಫಲಗಳಾಗಿದ್ದವು. 1455ರಲ್ಲಿ ಪೋಪ್ ಐದನೆಯ ನಿಕೊಲಸ್ ಆಫ್ರಿಕಾ ತೀರದ ವ್ಯಾಪಾರ ಮತ್ತು ಗೆಲುವಿನ ಹಕ್ಕನ್ನು ಪೋರ್ಚುಗಲ್ಲಿಗೆ ಬರೆದುಕೊಟ್ಟಾಗ ಇತರ ಕ್ರೈಸ್ತ ರಾಜ್ಯಗಳನ್ನು ದೂರವಿಡಲು ಕಾನೂನಿನ ಬೇಲಿಯೂ ಸಿಕ್ಕಿತು. ಪೂರ್ವದಲ್ಲೆಲ್ಲೋ ಪ್ರೆಸ್ಟರ್ ಜಾನ್ ಎಂಬ ಬಲಾಢ್ಯ ಕ್ರೈಸ್ತ ರಾಜನಿದ್ದಾನೆ ಎಂಬ ಕಥೆಯನ್ನು ನಂಬಿ ರಾಜರು ದೂತರನ್ನು ಕಳಿಸಿದ್ದಂತೂ ನಿಜ.

ಭಾರತ ಸ್ಪಷ್ಟವಾದ ಗುರಿಯಾದದ್ದು 1481ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಜೋವಾಂವ್ ಕಾಲದಲ್ಲಿ, ಸೆಯೂಟಾ ಗೆದ್ದು ಹೆಚ್ಚುಕಡಿಮೆ ಎಪ್ಪತ್ತು ವರ್ಷಗಳ ತರುವಾಯ. 1487ರಲ್ಲಿ ಅವನು ಎರಡು ಕಡೆಯಿಂದ ಕೈ ಚಾಚಿದ. ಬಾರ್ತೊಲೊಮಿಯು ಡಯಸ್ ಕಡಲಿನಲ್ಲಿ ಹೊರಟು 1488ರಲ್ಲಿ ಆಫ್ರಿಕಾದ ದಕ್ಷಿಣದ ತುದಿಯನ್ನು ಸುತ್ತಿದ. ಅರಬ್ಬೀ ಭಾಷೆ ಬಲ್ಲ ಪೆರೋ ದ ಕೊವಿಲ್ಯಾ ವರ್ತಕನ ವೇಷದಲ್ಲಿ ಕೈರೋ, ಏಡನ್ ಮಾರ್ಗವಾಗಿ ಕಣ್ಣೂರು, ಕಲ್ಲಿಕೋಟೆ, ಗೋವೆಗಳನ್ನು ನೋಡಿ ಬಂದ. ಮುಂದೆ ಇಥಿಯೋಪಿಯಾಕ್ಕೆ ಹೋದ ಅವನನ್ನು ಅಲ್ಲಿನ ದೊರೆಗಳು ಹಿಂದಿರುಗಲು ಬಿಡಲಿಲ್ಲ.

ಒಂದು ರಾಜ್ಯದ ಕೆಲಸ ಹೇಗೆ ಯುರೋಪಿನ ಕೆಲಸವಾಯಿತು ಎಂಬುದಕ್ಕೆ ಕೊಲಂಬಸ್ಸನೇ ಉತ್ತರ. ಭೂಮಿ ದುಂಡಗಿದೆ ಎಂಬುದು ಓದಿದವರಿಗೆಲ್ಲ ಗೊತ್ತಿತ್ತು. ವಾದವಿದ್ದದ್ದು ಅದರ ಸುತ್ತಳತೆಯ ಬಗ್ಗೆ. ಪಶ್ಚಿಮಕ್ಕೆ ಹೋದರೆ ಏಷ್ಯಾ ಹತ್ತಿರದಲ್ಲೇ ಇದೆ ಎಂಬ ಅವನ ಲೆಕ್ಕ ತಪ್ಪೆಂದು ಪೋರ್ಚುಗೀಸ್ ತಜ್ಞರು ತಿರಸ್ಕರಿಸಿದರು. ಅವರ ತೀರ್ಮಾನ ಸರಿಯಾಗಿತ್ತು. ಆದರೆ ಅವನು ಪಕ್ಕದ ರಾಜ್ಯಕ್ಕೆ ಹೋಗಿ ಕಾದು ಕುಳಿತ. 1492ರ ಜನವರಿಯಲ್ಲಿ ಗ್ರನಾಡಾವನ್ನು ಗೆದ್ದ ಸ್ಪೇನಿನ ದೊರೆಗಳು ಅದೇ ವರ್ಷ ಅವನಿಗೆ ಮೂರು ಹಡಗುಗಳನ್ನು ಕೊಟ್ಟರು. ಇದನ್ನು ಚೀನಾದೊಂದಿಗೆ ಹೋಲಿಸಿ ನೋಡಬೇಕು. ಅಲ್ಲಿನ ನೌಕಾನಾಯಕ ಝೆಂಗ್ ಹೆ 1405ರಿಂದ 1433ರವರೆಗೆ ಏಳು ಬಾರಿ, ಗಾಮಾ ಕಂಡರಿಯದಷ್ಟು ದೊಡ್ಡ ನೌಕಾಪಡೆಯನ್ನು ಕಲ್ಲಿಕೋಟೆಗೂ ಅದರಾಚೆಗೂ ತಂದಿದ್ದ. ಬೀಜಿಂಗಿನ ಆಸ್ಥಾನ ಸಾಕೆಂದಾಗ ಅದು ನಿಂತೇಹೋಯಿತು, ಏಕೆಂದರೆ ಅವನ ಉತ್ತರಾಧಿಕಾರಿಗಳು ಮೊರೆಹೋಗಲು ಇನ್ನೊಬ್ಬ ಚಕ್ರವರ್ತಿ ಇರಲಿಲ್ಲ. ಯುರೋಪಿನಲ್ಲಿ ಒಬ್ಬ ರಾಜ ಬೇಡವೆಂದರೆ ಇನ್ನೊಬ್ಬನಿದ್ದ, ಮತ್ತು ಒಬ್ಬ ಹೊರಟರೆ ಇನ್ನೊಬ್ಬ ಸುಮ್ಮನಿರಲು ಆಗುತ್ತಿರಲಿಲ್ಲ. 1494ರಲ್ಲಿ ಪೋರ್ಚುಗಲ್ ಮತ್ತು ಸ್ಪೇನ್ ತೊರ್ದೆಸಿಯಾಸ್ ಒಪ್ಪಂದದಲ್ಲಿ ಅಟ್ಲಾಂಟಿಕ್ ಮೇಲೆ ಗೆರೆ ಎಳೆದು ಲೋಕವನ್ನು ಹಂಚಿಕೊಂಡವು. ಆ ಹಂಚಿಕೆಯಲ್ಲಿ ಪಾಲು ಸಿಗದ ಇಂಗ್ಲೆಂಡಿನಿಂದ 1497ರಲ್ಲಿ ಜಾನ್ ಕ್ಯಾಬೊಟ್ ಉತ್ತರ ಅಮೆರಿಕದತ್ತ ಹೊರಟ. ಫ್ರೆಂಚರು, ಡಚ್ಚರು ನಂತರ ಬಂದರು.

ಇಲ್ಲಿ ನಮ್ಮ ಭಾಷೆಗೆ ಸಂಬಂಧಿಸಿದ ಒಂದು ಮಾತು. ಕೊಲಂಬಸ್ ಕರಿಮೆಣಸು ಹುಡುಕುತ್ತ ಹೋಗಿ ಅಮೆರಿಕದಲ್ಲಿ ಖಾರದ ಕಾಯಿಯೊಂದನ್ನು ಕಂಡ. ಕರಿಮೆಣಸಿಗೆ ಪಿಮಿಯೆಂತಾ ಎನ್ನುತ್ತಿದ್ದ ಸ್ಪೇನಿನವರು ಅದಕ್ಕೆ ಪಿಮಿಯೆಂತೊ ಎಂದು ಹೆಸರಿಟ್ಟರು. ಪೋರ್ಚುಗೀಸರ ಕಾಲದಲ್ಲಿ ಅದೇ ಕಾಯಿ ನಮ್ಮ ಕಡೆಗೆ ಬಂದಾಗ ನಾವೂ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದೆವು.

1497ರ ಜುಲೈ 8ರಂದು ಲಿಸ್ಬನ್ ಬಿಟ್ಟ ವಾಸ್ಕೋ ಡ ಗಾಮಾ ಅಟ್ಲಾಂಟಿಕ್‌ನಲ್ಲಿ ದೊಡ್ಡದೊಂದು ಬಳಸು ಹಾಕಿ, ಮೂರು ತಿಂಗಳಿಗೂ ಹೆಚ್ಚು ಕಾಲ ನೆಲ ಕಾಣದೆ ಸಾಗಿದ. ಪೂರ್ವ ಆಫ್ರಿಕಾದ ಮಲಿಂದಿಯಲ್ಲಿ ಸಿಕ್ಕ ಅನುಭವಿ ಮಾರ್ಗದರ್ಶಿಯ ನೆರವಿನಿಂದ ಅರಬ್ಬೀ ಸಮುದ್ರವನ್ನು ಮೂರು ವಾರಗಳ ಆಸುಪಾಸಿನಲ್ಲಿ ದಾಟಿ 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ತಲುಪಿದ. ದಡಕ್ಕೆ ಇಳಿದ ಅವನ ಕಡೆಯವನಿಗೆ ಅಲ್ಲಿ ಸಿಕ್ಕವರು ಸ್ಪೇನಿನ ಭಾಷೆ ಬಲ್ಲ ಇಬ್ಬರು ಟ್ಯುನೀಸಿಯಾದ ಮುಸ್ಲಿಮರು. ಇಲ್ಲಿಗೇಕೆ ಬಂದಿರಿ ಎಂದು ಕೇಳಿದಾಗ ಅವನು ಕೊಟ್ಟ ಉತ್ತರ, ಕ್ರೈಸ್ತರನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು ಎಂದು.

ಕಲ್ಲಿಕೋಟೆಯನ್ನು ಆಳುತ್ತಿದ್ದ ಸಾಮೂದಿರಿ ರಾಜನಿಗೆ ಗಾಮಾ ಸಿದ್ಧಪಡಿಸಿದ ಕಾಣಿಕೆಯ ಪಟ್ಟಿ ಆ ಯಾನದ ದಿನಚರಿಯಲ್ಲಿದೆ: ಪಟ್ಟೆಯ ಬಟ್ಟೆ 12, ಕೆಂಪು ಕುಲಾವಿ 4, ಟೋಪಿ 6, ಹವಳದ ಸರ 4, ಕೈತೊಳೆಯುವ ಬೋಗುಣಿ 6, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು. ಇದನ್ನು ನೋಡಿದ ರಾಜನ ಅಧಿಕಾರಿಗಳು ನಕ್ಕರು. ಮೆಕ್ಕಾದಿಂದ ಬರುವ ಅತ್ಯಂತ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ, ರಾಜನಿಗೆ ಕೊಡುವುದಾದರೆ ಚಿನ್ನ ಕೊಡಿ ಎಂದರು. ಹಿಂದೂ ಮಹಾಸಾಗರದ ಮಾರುಕಟ್ಟೆಗೆ ಬೇಕಾದ ಸರಕು ಯುರೋಪಿನವರ ಬಳಿ ಬಹಳ ಕಡಿಮೆ ಇತ್ತು ಎಂಬ ಸತ್ಯ ಆ ನಗುವಿನಲ್ಲಿದೆ.

ಮರಳುವಾಗ ಗಾಮಾನ ಹಡಗುಗಳು ನಮ್ಮ ಕಾರವಾರದ ಎದುರಿನ ಅಂಜುದೀವ ದ್ವೀಪದ ಬಳಿ ನಿಂತವು. ಹಡಗನ್ನು ದಡಕ್ಕೆಳೆದು ತಳ ಸವರಿ, ಸಿಹಿನೀರು ತುಂಬಿಕೊಂಡು, ಅಕ್ಟೋಬರ್ 5ರಂದು ಹೊರಟರು. ಗಾಳಿ ಇನ್ನೂ ತಿರುಗಿರಲಿಲ್ಲ. ಸ್ವಲ್ಪ ಕಾಯಿರಿ ಎಂದು ಕರಾವಳಿಯ ಯಾವ ನಾವಿಕನೂ ಹೇಳಬಹುದಾಗಿದ್ದ ಮಾತನ್ನು ತಿಳಿಯದೆ ಹೊರಟದ್ದರಿಂದ, ಬರುವಾಗ ಮೂರು ವಾರದಲ್ಲಿ ದಾಟಿದ ಅದೇ ಸಮುದ್ರವನ್ನು ದಾಟಲು ಮೂರು ತಿಂಗಳು ಬೇಕಾಯಿತು. ಒಸಡು ಊದಿ ಹಲ್ಲು ಸಡಿಲವಾಗುವ ಸ್ಕರ್ವಿ ರೋಗಕ್ಕೆ ಆ ಮೂರು ತಿಂಗಳಲ್ಲಿ ಸುಮಾರು 30 ಮಂದಿ ಬಲಿಯಾದರು.

ಆದರೂ ಅವರು ತಂದ ಮೆಣಸು ಮತ್ತು ಸುದ್ದಿ ಲಿಸ್ಬನ್ನಿಗೆ ಸಾಕಾಯಿತು. 1500ರಲ್ಲಿ ಕಬ್ರಾಲ್ 13 ಹಡಗುಗಳೊಂದಿಗೆ ಹೊರಟು, ಅದೇ ಅಟ್ಲಾಂಟಿಕ್ ಬಳಸಿನಲ್ಲಿ ಬ್ರೆಜಿಲ್ ತೀರವನ್ನು ಮುಟ್ಟಿ, ಕಲ್ಲಿಕೋಟೆಗೆ ಬಂದು ನಗರದ ಮೇಲೆ ಫಿರಂಗಿ ಹಾರಿಸಿದ. 1502ರಲ್ಲಿ ಮತ್ತೆ ಬಂದ ಗಾಮಾ ಭಟ್ಕಳದ ಮೇಲೆ ದಾಳಿ ಮಾಡಿ ಅಕ್ಕಿಯ ಕಪ್ಪವನ್ನು ಹೇರಿದ, ಮೆಕ್ಕಾದಿಂದ ಯಾತ್ರಿಕರನ್ನು ಹೊತ್ತು ಬರುತ್ತಿದ್ದ ಹಡಗನ್ನು ಜನರ ಸಮೇತ ಸುಟ್ಟ. ಕೊಡಲು ಸರಕಿಲ್ಲದವರು ತಂದ ಹೊಸ ಸರಕು ಫಿರಂಗಿ. ಕಡಲಿನಲ್ಲಿ ಓಡಾಡುವ ಹಡಗುಗಳು ತಮ್ಮಿಂದ ಕರ್ತಾಸ್ ಎಂಬ ರಹದಾರಿ ಪತ್ರವನ್ನು ಹಣ ಕೊಟ್ಟು ಪಡೆಯಬೇಕೆಂದು ಅವರು ಕಟ್ಟಳೆ ಮಾಡಿದರು. 1505ರಲ್ಲಿ ರಾಜಪ್ರತಿನಿಧಿಯಾಗಿ ಬಂದ ಫ್ರಾನ್ಸಿಸ್ಕೊ ದ ಅಲ್ಮೇಡಾ, ಏಳು ವರ್ಷಗಳ ಹಿಂದೆ ಗಾಮಾ ನೀರು ತುಂಬಿಕೊಂಡು ಹೋಗಿದ್ದ ಅಂಜುದೀವದಲ್ಲೇ ಕೋಟೆ ಕಟ್ಟಲು ಆಜ್ಞೆ ಮಾಡಿದ.